ಬಾಗಲಾ ಬಿಜಾಗ್ರಿ ಸ್ಕ್ರೂ ತಲಿ ಸವೆದೈತಿ, ಮನ್ಯಾಗಿನ ಸಾಮಾನಿನಾಗ ತೆಗಿಯೋದು ಹೆಂಗ್ರಿ?

ಸಾಧನಕೇರಿ ಮನಿ
ಶನಿವಾರ, ಮುಂಜಾನೆ

ಎಲ್ಲಾರಿಗೂ ನಮಸ್ಕಾರ್ರಿ. ಧಾರವಾಡದಾಗ ನಮ್ಮದು ಹಳೇ ಹೆಂಚಿನ ಮನಿ. ಮುಂಬಾಗಲಾ ಸಾಗವಾನಿದು, ನಮ್ಮ ಮಾವನವರ ಅಪ್ಪಾರು ಮಾಡಿಸಿದ್ದು. ಈ ಮಳಿಗಾಲದಾಗ ಬಾಗಲದ ಕೆಳಗಿನ ಮೂಲಿ ಫರ್ಶಿಗೆ ಹತ್ತಾಕತ್ತೈತಿ. ದಬ್ಬಿದ್ರ ಕಲ್ಲಿನ ಮ್ಯಾಲ ಬಿಲ್ಲಿನಾಕಾರ ಬಿಳೇ ಗೀರು ಬೀಳ್ತೈತಿ. ಬಾಗಲಾ ಇಳಿಸಿ ತಳಕ್ಕ ರಂದಾ ಹೊಡಸಿ ಕಟಗಿ ಹೆರಸಬೇಕಂತ ಮಾಡೀನಿ.

ಮೂರು ಬಿಜಾಗ್ರಿ ಅದಾವು. ಚೌಕಟ್ಟಿನ ಕಡೆ ಒಂದೊಂದಕ್ಕ ನಾಕರಂಗ 12 ಸ್ಕ್ರೂ. 9 ಬಂದ್ವು, ಮೂರು ಬರವಲ್ವು. ಮ್ಯಾಲಿನ ಬಿಜಾಗ್ರಿದು ಎರಡು ಸ್ಟಾರ್ ಸ್ಕ್ರೂ. ಹೋದ ವರ್ಷ ಒಬ್ಬರು ಬಂದು ಡ್ರಿಲ್ ಮಷೀನಿಲೆ ಕೂಡ್ರಿಸಿ ಹೋಗಿದ್ರು, ಅವುಗಳ ನಡುವಿನ ಸ್ಟಾರ್ ಈಗ ದುಂಡಗ ಬಟ್ಟಲದಂಗ ಆಗೈತಿ. ಕೆಳಗಿನದು ಒಂದು ಹಳೇ ಮೈನಸ್ ಸ್ಕ್ರೂ, ಪೂರಾ ಜಂಗ್ ಹಿಡದೈತಿ, ಗೆರಿದು ಒಂದ ಬದಿ ಚಕ್ಕಿ ಎದ್ದು ಹೋಗೈತಿ. ಮನ್ಯಾಗ ಸುತ್ತಿಗಿ, ಪಕ್ಕಡ, ಒಂದು ಸ್ಟಾರ್ ಪೇಚಕಸ್, ಟೆಸ್ಟರ್, ಮುರದ ಆಕ್ಸಾ ಬ್ಲೇಡ್ ತುಂಡು, ಮಗನ ಸೋಲ್ಡರಿಂಗ್ ಐರನ್ ಅದಾವು. ಮನಿಯವರು ಊರಾಗಿಲ್ಲ. ಬಾಗಲಕ್ಕಾಗಲಿ ಚೌಕಟ್ಟಿಗಾಗಲಿ ಪೆಟ್ಟ ಆಗಬಾರ್ದು, ಅದೊಂದ ನನ್ನ ಕಾಳಜಿ. ದಾರಿ ಹೇಳ್ರಿ.

ವರ್ಕಶಾಪ್ ಫಿಟ್ಟರ್, ಹುಬ್ಬಳ್ಳಿ

ತಂಗೀ, ಸ್ಕ್ರೂ ಮಾತು ಆಮ್ಯಾಲ. 9 ತಗದು ಬಾಗಲಾ ಹಂಗ ಬಿಟ್ಟೀರೆನು? ಸಾಗವಾನಿ ಬಾಗಲಾ ಅಂದ್ರ ಭಾಳ ಭಾರ. ಉಳದ ಮೂರ ಸ್ಕ್ರೂ ಮ್ಯಾಲ ನೇತಾಡಾಕತ್ತೈತಿ. ಮೊದಲ ಬಾಗಲದ ತಳಕ್ಕ, ಹಿಡಿಕಿ ಇರೋ ಬದಿಗೆ, ಒಂದು ಕಟಗಿ ಬೆಣಿ ಬಡೀರಿ. ತಗದದ್ದರಾಗ ಛಲೋ ಇರೋ ಸ್ಕ್ರೂ ಬಿಜಾಗ್ರಿಗೆ ಒಂದೊಂದರಂಗ ಮತ್ತ ಹಾಕ್ರಿ, ಬಿಗಿ ಮಾಡಬ್ಯಾಡ್ರಿ, ಸುಮ್ನ ಹಿಡದಿರಲಿ.

ಇದು ಬರೇ ಬಾಗಲಾ ಬಿದ್ದೀತು ಅನ್ನೋ ಭಯಕ್ಕ ಹೇಳೂದಲ್ಲ. ಭಾರ ಅಡ್ಡ ಬಿದ್ರ ಸ್ಕ್ರೂದ ಕಂಠ ಬಿಜಾಗ್ರಿ ತೂತಿನ ಅಂಚಿಗೆ ಒತ್ತಿ ಕುಂದರತೈತಿ. ಹಂಗ ಒತ್ತಿ ಕುಂತದ್ದು ತಲಿ ಎಷ್ಟ ಛಲೋ ಇದ್ರೂ ತಿರಗೂದಿಲ್ಲ. ಬೆಣಿ ಬಡದು ಭಾರ ಎತ್ತಿದ ಮ್ಯಾಲ ಬರದಿದ್ದ ಸ್ಕ್ರೂ ಕೈಗೆ ಬಂದದ್ದು ನಾ ಎಷ್ಟೋ ಸಲ ನೋಡೀನಿ.

ಎರಡನೇದು, ಒಮ್ಮೆ ಜಾರಿದ ಪೇಚಕಸ್ಸಿಲೆ ಮತ್ತ ತಿರವಬ್ಯಾಡ್ರಿ. ಜಾರಿದಷ್ಟ ಸಲ ಕಾನಸ ಹಚ್ಚಿ ತಿಕ್ಕಿದಂಗ ಆಗತೈತಿ. ಯಾವ ಪೇಚಕಸ್ ಹಚ್ಚಿದ್ರಿ, ಅದನ್ನ ಹೇಳ್ರಿ. ಟೆಸ್ಟರ್ ಹಚ್ಚಿದ್ರೇನು?

ಸಾಧನಕೇರಿ ಮನಿ

ಕಾಕಾರ, ಹೌದ್ರಿ. ಮೈನಸ್ಸಿಗೆ ಟೆಸ್ಟರ್ ಹಚ್ಚಿದ್ದೆ. ಸ್ಟಾರಿಗೆ ಮನ್ಯಾಗ ಇದ್ದ ಸಣ್ಣ ಪೇಚಕಸ್. ಬೆಣಿ ಈಗ ಬಡದೀನಿ, ಮೂರೂ ಬಿಜಾಗ್ರಿಗೆ ಒಂದೊಂದ ಸ್ಕ್ರೂ ಹಾಕೀನಿ.

ವರ್ಕಶಾಪ್ ಫಿಟ್ಟರ್, ಹುಬ್ಬಳ್ಳಿ

ಟೆಸ್ಟರ್ ಕರೆಂಟ್ ಐತೋ ಇಲ್ಲೋ ನೋಡಾಕ ಇರೋದು. ಅದರ ತುದಿ ತೆಳು, ಗೆರಿ ಪೂರಾ ತುಂಬೂದಿಲ್ಲ, ಎರಡ ಮೂಲಿಗೆ ಅಷ್ಟ ತಾಗತೈತಿ. ನಿಮ್ಮ ಸ್ಕ್ರೂದ ಚಕ್ಕಿ ಎದ್ದದ್ದು ಅದಕ್ಕ. ನಮ್ಮ ಕಡೆ ಮನಿಮನ್ಯಾಗ ಸ್ಕ್ರೂ ಕೆಡೂದು ಟೆಸ್ಟರಿನಿಂದನ ಜಾಸ್ತಿ.

ಈಗ ಸ್ಟಾರಿಂದು. ಗೋಣಿ ಹೊಲಿಯೋ ದಬ್ಬಣ ಇದ್ರ ತಗೋರಿ. ಆ ಬಟ್ಟಲದ ತಳದಾಗ ಚುಚ್ಚಿ ಚುಚ್ಚಿ ಕೆದರ್ರಿ. ಹಳೇ ಬಾಗಲಕ್ಕ ವಾರ್ನಿಶ್ ಹಚ್ಚಾಗ ಸ್ಕ್ರೂ ತಲಿಯೊಳಗೂ ಹೋಗಿ ಗಟ್ಟಿ ಆಗಿರತೈತಿ. ಪೇಚಕಸ್ ಅರ್ಧಕ್ಕ ಕುಂತಿರತೈತಿ, ನಮಗ ಪೂರಾ ಕುಂತಂಗ ಕಾಣತೈತಿ. ಸ್ಟಾರಿನ ಮ್ಯಾಲಿನ ಅಂಚು ಹೋದ್ರೂ ತಳದ ಅಂಚು ಉಳದಿರತಾವು, ಅವನ್ನ ಹಿಡೀಬೇಕು.

ಆಮ್ಯಾಲ ಅಂಗಡಿಗೆ ಹೋಗಿ 2 ನಂಬರಿನ ಹೊಸಾ ಸ್ಟಾರ್ ಪೇಚಕಸ್ ತರ್ರಿ, ದಪ್ಪ ಹಿಡಿಕಿದು. ಸ್ಕ್ರೂದಾಗ ನೆಟ್ಟಗ ನಿಂದ್ರಿಸಿ ಹಿಡಿಕಿ ಮ್ಯಾಲ ಸುತ್ತಿಗಿಲೆ ಎರಡ ಮೂರ ಪೆಟ್ಟ ಹಾಕ್ರಿ, ತುದಿ ತಳಕ್ಕ ಹೋಗಿ ಕುಂದರಲಿ. ಪೆಟ್ಟಿಗೆ ಜಂಗೂ ಬಿರಿತೈತಿ. ಎದಿ ಭಾರ ಪೇಚಕಸ್ ಮ್ಯಾಲ ಬರಬೇಕು. ಮುಕ್ಕಾಲ ಬಲ ಒತ್ತಾಕ, ಕಾಲ ಬಲ ತಿರವಾಕ. ಮೊದಲ ಬಿಗಿ ಮಾಡೋ ಕಡೆ ಒಂದ ಕೂದಲೆಳಿಯಷ್ಟ, ಆಮ್ಯಾಲ ಬಿಚ್ಚೋ ಕಡೆ.

ಗದಗ ಐಟಿಐ

ನಾನು ಹಲವು ವರ್ಷ ಫಿಟ್ಟರ್ ಟ್ರೇಡ್ ಕಲಿಸಿದವನು. ಮೇಲಿನವರು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಏನೂ ಇಲ್ಲ. ಸ್ಟಾರ್ ಯಾಕೆ ಜಾರುತ್ತದೆ ಅನ್ನುವುದನ್ನು ಮಾತ್ರ ಸೇರಿಸುತ್ತೇನೆ, ಅದು ಗೊತ್ತಿದ್ದರೆ ಕೈ ತಾನಾಗಿ ಸರಿಯಾಗಿ ಒತ್ತುತ್ತದೆ.

ನಾವು ಸ್ಟಾರ್ ಅನ್ನುವುದು ಫಿಲಿಪ್ಸ್ ತಲೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ಹೆನ್ರಿ ಫಿಲಿಪ್ಸ್ 1936ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕಾರು ಜೋಡಿಸುವ ಕಾರ್ಖಾನೆಗಳಲ್ಲಿ ಯಂತ್ರದ ಡ್ರೈವರ್ ತಾನೇ ನಡುವಿಗೆ ಬಂದು ಕೂರಲಿ ಎಂದು ಅದರ ಗೋಡೆಗಳನ್ನು ಒಳಕ್ಕೆ ಇಳಿಜಾರು ಮಾಡಿದ್ದಾರೆ. ಕೂರಿಸುವಾಗ ಅದೇ ಅನುಕೂಲ, ಬಿಚ್ಚುವಾಗ ಅದೇ ತೊಂದರೆ. ತಿರುಗಿಸುವ ಬಲದ ಒಂದು ಪಾಲು ಇಳಿಜಾರನ್ನು ಹತ್ತಿ ಪೇಚಕಸ್ಸನ್ನೇ ಹೊರಗೆ ನೂಕುತ್ತದೆ. ಎದೆ ಭಾರ ಹಾಕಿ ಒತ್ತುವುದು ಅದನ್ನು ತಡೆಯಲಿಕ್ಕೆ.

ನಂಬರೂ ಮುಖ್ಯ. 1, 2, 3 ಎಂದು ತುದಿಯ ಅಳತೆ ಬರುತ್ತದೆ. ಬಾಗಿಲ ಬಿಜಾಗ್ರಿಗೆ ಸಾಮಾನ್ಯವಾಗಿ ಹಾಕುವ 8 ನಂಬರಿನ ಮರದ ಸ್ಕ್ರೂಗೆ, ಅಂದರೆ ಸುಮಾರು 4 ಮಿ.ಮೀ. ದಪ್ಪದ್ದಕ್ಕೆ, 2 ನಂಬರಿನ ತುದಿ ಬೇಕು. 1 ನಂಬರ್ ಹಾಕಿದರೂ ಒಳಗೆ ಹೋಗುತ್ತದೆ, ತಿರುಗಿದಂತೆಯೂ ಅನಿಸುತ್ತದೆ, ಆದರೆ ಅಂಚನ್ನು ಕೊರೆಯುತ್ತಿರುತ್ತದೆ. ಸಾಧನಕೇರಿಯವರ ಸಣ್ಣ ಪೇಚಕಸ್ ಅದೇ ಇರಬೇಕು.

ನವನಗರ ಹುಡುಗ

ಸೈಕಲ್ ಟ್ಯೂಬ್ ತುಂಡು ಕತ್ತರಿಸಿ ಸ್ಕ್ರೂ ತಲಿ ಮ್ಯಾಲ ಇಟ್ಟು ಅದರ ಮ್ಯಾಲ ಪೇಚಕಸ್ ಒತ್ತಿ ತಿರವ್ರಿ ಅಕ್ಕಾರ. ಅಗಲ ರಬ್ಬರ್ ಬ್ಯಾಂಡ್ ಆದ್ರೂ ನಡಿತೈತಿ. ನನ್ನ ಸ್ಟಡಿ ಟೇಬಲ್ಲಿನ ಸ್ಕ್ರೂ ಹಂಗ ತಗದೀನಿ.

ಗೋಕುಲ ರೋಡ್ ಗ್ಯಾರೇಜ್

ತಮ್ಮಾ, ರಬ್ಬರ್ ಸುಳ್ಳಲ್ಲ, ಆದ್ರ ಅದರ ಮಿತಿ ಹೇಳಬೇಕು. ತಲಿ ಸ್ವಲ್ಪ ಸವೆದಿದ್ದು ಸ್ಕ್ರೂ ಒಳಗ ಜಾಮ್ ಆಗಿರದಿದ್ರ ಬರತೈತಿ. ಜಂಗ್ ಹಿಡದದ್ದಕ್ಕ ರಬ್ಬರ್ ಹರಿತೈತಿ ಅಷ್ಟ. ರಬ್ಬರಿಗಿಂತ ಛಲೋದು ವಾಲ್ವ್ ತಿಕ್ಕೋ ಗ್ರೈಂಡಿಂಗ್ ಪೇಸ್ಟ್. ಅದರಾಗ ಗಟ್ಟಿ ಹರಳಿನ ಪುಡಿ ಇರತೈತಿ. ಒಂದ ಸಾಸಿವಿಯಷ್ಟ ಪೇಚಕಸ್ ತುದಿಗೆ ಹಚ್ಚಿದ್ರ ಕಬ್ಬಿಣಕ್ಕ ಕಬ್ಬಿಣ ಕಚ್ಚಿ ಹಿಡಿತೈತಿ. ಯಾವ ಗ್ಯಾರೇಜಿನಾಗ ಕೇಳಿದ್ರೂ ಒಂದೀಟು ಕೊಡ್ತಾರು.

ಬೈಕ್ ಇದ್ದವರಿಗೆ ಇನ್ನೊಂದ ಮಾತು. ಜಪಾನಿ ಮಾದರಿ ಗಾಡಿಗಳ ಕಾರ್ಬುರೇಟರ್, ಇಂಜಿನ್ ಕವರಿನ ಸ್ಕ್ರೂ ನೋಡಾಕ ಸ್ಟಾರ್ ಕಂಡ್ರೂ ಅದು ಫಿಲಿಪ್ಸ್ ಅಲ್ಲ, ಜಪಾನಿ ಅಳತಿದು. ತಲಿ ಮ್ಯಾಲ ಒಂದ ಸಣ್ಣ ಚುಕ್ಕಿ ಇದ್ರ ಗುರ್ತ ಹಿಡೀರಿ. ಸಾದಾ ಸ್ಟಾರ್ ಪೇಚಕಸ್ ಅದರಾಗ ಪೂರಾ ಇಳಿಯೂದಿಲ್ಲ, ತುದಿ ತಳಕ್ಕ ಮೊದಲ ತಾಗಿ ಬದಿ ಸಡಲ ಉಳಿತೈತಿ. ನಮ್ಮ ಕಡೆ ಬರೋ ಗಾಡ್ಯಾಗ ಫ್ಲೋಟ್ ಬೌಲಿನ, ಅಂದ್ರ ಕಾರ್ಬುರೇಟರಿನ ತಳದ ಪೆಟ್ರೋಲ್ ಬಟ್ಟಲದ, ನಾಕರಾಗ ಒಂದಾದ್ರೂ ಸ್ಕ್ರೂ ತಲಿ ಹೋಗಿರತೈತಿ, ಕಾರಣ ಇದ.

ಇಂಜಿನ್ ಕವರ್ ಅಲ್ಯುಮಿನಿಯಂ, ಸ್ಕ್ರೂ ಉಕ್ಕು. ಒಂದ ಡಿಗ್ರಿ ಬಿಸಿಗೆ ಉಕ್ಕು ಒಂದ ಮೀಟರಿಗೆ ಸುಮಾರು 12 ಮೈಕ್ರಾನ್ (ಮಿ.ಮೀ.ದ ಸಾವಿರದಾಗ ಒಂದ ಪಾಲು ಅಂದ್ರ ಒಂದ ಮೈಕ್ರಾನ್) ಬೆಳದ್ರ ಅಲ್ಯುಮಿನಿಯಂ 23 ಬೆಳಿತೈತಿ. ಹಂಗಾಗಿ ಗಾಡಿ ಒಂದ ಸುತ್ತ ಓಡಿಸಿ ಬಂದು ಕವರ್ ಬೆಚ್ಚಗ ಇದ್ದಾಗ ಬಿಚ್ಚಿದ್ರ ಹಿಡಿತ ಸಡಲಾಗಿರತೈತಿ. ಇದು ಇಂಜಿನ್ ಕವರಿಗೆ ಮಾತ್ರ. ಕಾರ್ಬುರೇಟರ್ ಅಂದ್ರ ಪೆಟ್ರೋಲು, ಅಲ್ಲಿ ಬಿಸಿ ಮಾಡೂ ಮಾತ ಬ್ಯಾಡ.

ರಾಣೆಬೆನ್ನೂರ ಹೊಲ

ನಾವು ಟ್ರ್ಯಾಕ್ಟರಿಗೆ, ಔಷಧ ಹೊಡಿಯೋ ಪಂಪಿಗೆ ಡೀಸೆಲ್ಲಿನಾಗ ಒಂದೀಟು ಇಂಜಿನ್ ಆಯಿಲ್ ಕೂಡಿಸಿ ರಾತ್ರಿ ಬಿಟ್ಟು ಮುಂಜಾನೆ ಬಿಚ್ಚತೀವ್ರಿ. ಬಾಗಲದ ಸ್ಕ್ರೂಗೂ ಹಾಕಿ ನೋಡ್ರಿ.

ವರ್ಕಶಾಪ್ ಫಿಟ್ಟರ್, ಹುಬ್ಬಳ್ಳಿ

ಅಣ್ಣಾರ, ಕಬ್ಬಿಣದಾಗ ಕುಂತ ಬೋಲ್ಟಿಗೆ ನಿಮ್ಮ ಡೀಸೆಲ್ ನೂರಕ್ಕ ನೂರು ಖರೆ. ಕಟಗಿಗೆ ಬ್ಯಾಡ್ರಿ. ಸಾಗವಾನಿ ಎಣ್ಣಿ ಕುಡದ್ರ ಕಲಿ ಹೋಗೂದಿಲ್ಲ, ಮುಂದ ಅಲ್ಲಿ ಪಾಲಿಶ್ ಹಿಡಿಯೂದಿಲ್ಲ, ಫೆವಿಕಾಲೂ ಹಿಡಿಯೂದಿಲ್ಲ. ಮ್ಯಾಲ ಕಟಗಿಯೊಳಗಿನ ಸ್ಕ್ರೂದ ಎಳಿಗುಂಟ ಎಣ್ಣಿ ಒಳಗ ಇಳಿಯೂದೂ ಕಡಿಮಿ, ಮೊದಲ ಕಟಗಿನ ಹೀರತೈತಿ.

ವಿದ್ಯಾನಗರ ರಿಪೇರಿ

ನಾನು ಟಿವಿ, ಲ್ಯಾಪ್‌ಟಾಪ್ ರಿಪೇರಿ ಮಾಡ್ತೀನ್ರಿ. ಆ ಜಂಗ್ ಹಿಡದ ಮೈನಸ್ಸಿಗೆ ನಿಮ್ಮ ಮಗನ ಸೋಲ್ಡರಿಂಗ್ ಐರನ್ ಸಾಕು. ತುದಿ ಸ್ಕ್ರೂ ತಲಿ ಮ್ಯಾಲ ಒತ್ತಿ ಹಿಡೀರಿ. 25 ವ್ಯಾಟಿಂದು ಇದ್ರ ನಾಕೈದು ನಿಮಿಷ, 60 ವ್ಯಾಟ್ ಇದ್ರ ಎರಡ ನಿಮಿಷ. ತುದಿಗೆ ಒಂದ ಹನಿ ಸೋಲ್ಡರ್ ಕರಗಿಸಿಕೊಂಡ್ರ ಬಿಸಿ ಲಗೂನ ಇಳಿತೈತಿ. ಬಿಸಿಗೆ ಸ್ಕ್ರೂ ಹಿಗ್ಗಿ ಸುತ್ತಲಿನ ಕಟಗಿನ ಸ್ವಲ್ಪ ದಬ್ಬತೈತಿ, ಆರಿದಾಗ ಕುಗ್ಗತೈತಿ, ನಡುವ ಸಡಲ ಉಳಿತೈತಿ. ಸಂದ್ಯಾಗಿನ ಹಳೇ ವಾರ್ನಿಶ್ ಸೈತ ಮೆತ್ತಗ ಆಗತೈತಿ. ಪೂರಾ ಆರಿದ ಮ್ಯಾಲ ತಿರವ್ರಿ, ಬಿಸಿ ಇದ್ದಾಗಲ್ಲ. ಬಿಜಾಗ್ರಿ ಸುತ್ತ ಒದ್ದಿ ಅರಬಿ ಇಟ್ಕೋರಿ, ಕಟಗಿ ಕರ್ರಗ ಆಗೂದಿಲ್ಲ.

ಲ್ಯಾಪ್‌ಟಾಪಿನ ಸಣ್ಣ ಸ್ಕ್ರೂಗಳಿಗೆ ಕಂಪನಿಯವರು ನೀಲಿ ಅಂಟು ಹಚ್ಚಿರತಾರು. ಅಲ್ಲೂ ಇದ ಉಪಾಯ, ಆದ್ರ ಅಲ್ಲಿ ಉಲ್ಟಾ. ಅಂಟು ಬಿಸಿ ಇದ್ದಾಗನ ಮೆತ್ತಗ ಇರತೈತಿ, ಅದಕ್ಕ ಬಿಸಿ ಇದ್ದಾಗನ ಬಿಚ್ಚಬೇಕು.

ಒಂದ ಎಚ್ಚರಿಕೆ. ಜಂಗ್ ಬಿಡಿಸೋ ಡಬ್ಲ್ಯೂಡಿ-40 ಸ್ಪ್ರೇ ಆಗಲಿ, ಸೀಮಿ ಎಣ್ಣಿ ಆಗಲಿ ಹಾಕಿದ ಜಾಗಕ್ಕ ಐರನ್ ಹಚ್ಚಬ್ಯಾಡ್ರಿ. ಹೊತ್ಕೊಳ್ಳತೈತಿ. ಎಣ್ಣಿ ದಾರಿ ಹಿಡದ್ರ ಎಣ್ಣಿ, ಬಿಸಿ ದಾರಿ ಹಿಡದ್ರ ಬಿಸಿ, ಎರಡೂ ಕೂಡಿ ಬ್ಯಾಡ.

ನವನಗರ ಹುಡುಗ

ಆಕ್ಸಾ ಬ್ಲೇಡಿಲೆ ತಲಿ ಮ್ಯಾಲ ಹೊಸಾ ಗೆರಿ ಕೊಯ್ದು ಮೈನಸ್ ಪೇಚಕಸ್ ಹಚ್ಚಿದ್ರ? ಎಲ್ಲಾ ಕಡೆ ಅದನ್ನ ಹೇಳ್ತಾರಲ್ರಿ.

ವರ್ಕಶಾಪ್ ಫಿಟ್ಟರ್, ಹುಬ್ಬಳ್ಳಿ

ಗುಂಡ ತಲಿ ಮ್ಯಾಲ ಎದ್ದು ನಿಂತ ಸ್ಕ್ರೂಗೆ ಅದಕ್ಕಿಂತ ಛಲೋ ದಾರಿ ಇಲ್ಲ. ಆದ್ರ ಬಿಜಾಗ್ರಿ ಸ್ಕ್ರೂ ಚಪ್ಪಟ ತಲಿದು, ತಗಡಿನ ಸಮಕ್ಕ ಕುಂತಿರತೈತಿ. ಬ್ಲೇಡ್ ನೆಟ್ಟಗ ಹೋಗೋದ್ರಿಂದ ತಲಿ ಕೊಯ್ಯೂದಕ್ಕ ಮೊದಲ ಬಿಜಾಗ್ರಿನ ಕೊಯ್ಯಬೇಕಾಗತೈತಿ. ಅಲ್ಲಿ ಬೇಕಾಗೂದು ಸಣ್ಣ ಚಾಣ. ಚಾಣದ ಬಾಯಿ ಹಳೇ ಗೆರಿ ಮ್ಯಾಲನ ಇಟ್ಟು ಸಣ್ಣ ಸಣ್ಣ ಪೆಟ್ಟಿಲೆ ಗೆರಿ ಆಳ ಮಾಡ್ರಿ. ಒಂದ ಬದಿ ಚಕ್ಕಿ ಹೋಗಿದ್ರೂ ಇನ್ನೊಂದ ಬದಿ ಮತ್ತ ಹೊಸಾ ತಳ, ಎರಡೂ ಕೂಡಿ ಪೇಚಕಸ್ ಹಿಡಿತಾವು.

ಲೈನ್ ಬಜಾರ್

ಲಗೂ ಒಣಗೋ ಅಂಟಿನಿಂದ ಸ್ಕ್ರೂ ತಲಿ ಮ್ಯಾಲ ಒಂದ ನಟ್ ಅಂಟಿಸಿ ಪಾನಾ ಹಚ್ಚಿ ತಿರವಬಹುದು ಅಂತ ವಿಡಿಯೋದಾಗ ನೋಡಿದ್ದೆ.

ಗೋಕುಲ ರೋಡ್ ಗ್ಯಾರೇಜ್

ನಾ ಮಾಡಿ ನೋಡೀನ್ರಿ, ಹತ್ತೂದಿಲ್ಲ. ಆ ಅಂಟು ಎಳದ್ರ ತಡಿತೈತಿ, ತಿರುವಿದ್ರ ಗಾಜಿನಂಗ ಚಟ್ ಅಂತ ಬಿಡತೈತಿ. ಸ್ಕ್ರೂ ತಲಿ ಅಂದ್ರ ಶೇಂಗಾ ಬೀಜದಷ್ಟ ಜಾಗ, ಅದರಾಗ ಜಂಗು, ಎಣ್ಣಿ ಪಸಿ. ಕೆಟ್ಟದ್ದು ಏನಂದ್ರ ಅಂಟು ಸಂದ್ಯಾಗ ಇಳದು ಸ್ಕ್ರೂನ ಇನ್ನಷ್ಟು ಹಿಡಕೊಳ್ಳತೈತಿ. ನಟ್ ಹಚ್ಚೂದಿದ್ರ ವೆಲ್ಡಿಂಗ್‌ನವರ ಕಡೆ ಹಚ್ಚಸಬೇಕು. ವೆಲ್ಡಿಂಗ್ ಬಿಸಿಗೆ ಜಂಗೂ ಬಿಡತೈತಿ, ಹಿಡಿಯಾಕ ತಲಿನೂ ಸಿಗತೈತಿ. ಕಟಗಿ ಬಾಗಲದ ಮ್ಯಾಲ ಅದು ನಡಿಯೂದಿಲ್ಲ.

ಹೊಲಿಗಿ, ಹಾವೇರಿ

ಇದರಾಗನ ನನ್ನದೂ ಒಂದ ಕೇಳಲೇನ್ರಿ? ನನ್ನ ಹೊಲಿಗಿ ಮಷೀನಿನ ಹಲ್ಲಿನ ಮ್ಯಾಲಿನ ಪ್ಲೇಟಿಗೆ ಎರಡು ಮೈನಸ್ ಸ್ಕ್ರೂ ಅದಾವು. ಒಂದು ಬಂತು, ಇನ್ನೊಂದರ ಗೆರಿ ಸವೆದೈತಿ. ಕೆಳಗ ನೂಲಿನ ಕಸ ತುಂಬಿ ಹಲ್ಲು ಬಟ್ಟಿ ಎಳಿಯವಲ್ದು. ಹಬ್ಬದ ಬ್ಲೌಸು ಒಪ್ಪಕೊಂಡು ಕುಂತೀನಿ. ಡ್ರಿಲ್ ಹೊಡಿಸಿ ತಗಸು ಅಂತ ಒಬ್ಬರು ಹೇಳ್ಯಾರು.

ವರ್ಕಶಾಪ್ ಫಿಟ್ಟರ್, ಹುಬ್ಬಳ್ಳಿ

ಡ್ರಿಲ್ ಮುಟ್ಟಸಬ್ಯಾಡ್ರಿ ಅಕ್ಕಾರ. ಹೊಲಿಗಿ ಮಷೀನಿನ ಸ್ಕ್ರೂ ಎಳಿ ಇಂಚಿನ ಲೆಕ್ಕದ್ದು, ಭಾಳ ಸಣ್ಣ ಎಳಿ. ಸಾದಾ ಅಂಗಡ್ಯಾಗ ಸಿಗೋ 4 ಮಿ.ಮೀ. ಸ್ಕ್ರೂ ಅದರಾಗ ತುರಕಿದ್ರ ಮಷೀನಿನ ಮೈಯಾಗಿನ ಎಳಿ ಹೋಗತೈತಿ. ಹೊಸಾ ಸ್ಕ್ರೂ ಬೇಕಾದ್ರ ಹೊಲಿಗಿ ಮಷೀನ್ ಬಿಡಿ ಭಾಗ ಮಾರೋರ ಹತ್ರನ ತಗೋಬೇಕು.

ನಿಮ್ಮ ಕೆಲಸ ಕಾನಸದಾಗ ಐತಿ. ಒಂದ ಹಳೇ ಮೈನಸ್ ಪೇಚಕಸ್ ತಗೊಂಡು ಅದರ ತುದಿ ನೋಡ್ರಿ, ಬೆಣಿಯಂಗ ಇಳಿಜಾರು ಇರತೈತಿ. ಅದಕ್ಕ ಅದು ಗೆರಿಯಿಂದ ಎದ್ದು ಬರೂದು. ಕಾನಸಿಲೆ ಎರಡೂ ಮಗ್ಗಲು ತಿಕ್ಕಿ ತುದಿ ನೆಟ್ಟಗ, ಸಮ ದಪ್ಪ ಮಾಡ್ರಿ. ಗೆರಿಯೊಳಗ ಇಟ್ಟಾಗ ಅಲುಗಾಡಬಾರ್ದು, ಅಗಲ ತಲಿಯಷ್ಟ ಇರಬೇಕು. ರಾತ್ರಿ ಸೂಜಿ ಮೊನಿಲೆ ಎರಡ ಹನಿ ಸೀಮಿ ಎಣ್ಣಿ ಬಿಟ್ಟು ಮಲಗ್ರಿ. ಮುಂಜಾನೆ ಪೇಚಕಸ್ ಇಟ್ಟು ಹಿಡಿಕಿ ಮ್ಯಾಲ ಬೆರಳಿಲೆ ಬಡದಷ್ಟ ಹಗುರ ಪೆಟ್ಟು. ಮಷೀನಿನ ಮೈ ಬೀಡು ಕಬ್ಬಿಣ, ಜೋರ ಹೊಡದ್ರ ಸೀಳತೈತಿ. ಬಂದ ಮ್ಯಾಲ ಸೀಮಿ ಎಣ್ಣಿ ಒರಸಿ ಮಷೀನ್ ಎಣ್ಣಿ ಬಿಡ್ರಿ.

ಬೆಟಗೇರಿ ಮಗ್ಗ

ಯಾರೂ ಹೇಳಿಲ್ಲ, ಅದಕ್ಕ ಬರಿಯಾಕತ್ತೀನಿ. ಬಲ ಹಾಕೂದಕ್ಕ ಮೊದಲ ಎಳಿ ಉಲ್ಟಾ ಐತೇನ ನೋಡ್ರಿ. ಸೈಕಲ್ಲಿನ ಎಡಗಡೆ ಪೆಡಲ್ ಉಲ್ಟಾ ಎಳಿದು. ಟೇಬಲ್ ಫ್ಯಾನಿನ ರೆಕ್ಕಿ ಹಿಡಿಯೋ ಟೋಪಿಗೂ ಭಾಳಷ್ಟು ಉಲ್ಟಾ ಎಳಿನ ಇರತೈತಿ. ತಿರಗೋ ಸಾಮಾನು ತಾನ ಬಿಚ್ಚಿಕೊಳ್ಳಬಾರ್ದಂತ ಹಂಗ ಮಾಡಿರತಾರು. ನಮ್ಮ ಪವರ್ ಲೂಮಿನ ಮೇಲೆ ಕೆಲಸಕ್ಕ ಹೊಸದಾಗಿ ಬಂದ ಹುಡುಗರು ಇದು ತಿಳೀದ ನಟ್ ತಲಿ ಕೆಡಸಿದ್ದು ನೋಡೀನಿ. ಬಿಚ್ಚಾಕ ಹೋಗಿ ಬಿಗಿ ಮಾಡಿರತಾರು.

ಸಾಧನಕೇರಿ ಮನಿ
ಭಾನುವಾರ, ಮಧ್ಯಾಹ್ನ

ಎರಡು ಬಂದ್ವು!

ದಬ್ಬಣದಿಂದ ಕೆದರಿದ್ರ ಸ್ಟಾರಿನೊಳಗಿಂದ ಬೆಲ್ಲದ ಬಣ್ಣದ ವಾರ್ನಿಶ್ ಚಕ್ಕಿ ಚಕ್ಕಿ ಬಂತು. ತಳದಾಗ ನಾಕು ಸಣ್ಣ ಮೂಲಿ ಹೊಳದ್ವು. ಹೊಸಾ 2 ನಂಬರ್ ಪೇಚಕಸ್ ಇಟ್ಟು ಮೂರ ಪೆಟ್ಟ ಹಾಕಿದೆ, ಎದಿ ಕೊಟ್ಟು ಒತ್ತಿ ಮೊದಲ ಬಿಗಿ ಕಡೆ ತಿರವಿದೆ. ಕಿರ್ರ್ ಅಂತ ಒಂದ ಸಪ್ಪಳ ಬಂತು, ಆಮ್ಯಾಲ ಬಿಚ್ಚೋ ಕಡೆ ಸಲೀಸ ತಿರಗಿತು. ಮೈನಸ್ಸಿಗೆ ಐರನ್ ಐದ ನಿಮಿಷ ಹಿಡದೆ, ಆರಾಕ ಬಿಟ್ಟೆ, ಬಾಜೂ ಮನಿಯವರ ಚಾಣ ತಂದು ಗೆರಿ ಆಳ ಮಾಡಿದೆ. ಅರ್ಧ ಸುತ್ತು ತಿರಗಿದ ಮ್ಯಾಲ ಪಕ್ಕಡದಾಗ ಸಿಕ್ತು. ಹೊರಗ ಬಂದ ಸ್ಕ್ರೂದ ನಡು ಜಂಗಿಗೆ ತೆಳ್ಳಗಾಗಿ ಸುತ್ತಲೂ ಕಟಗಿ ಎಳಿ ಅಂಟಿಕೊಂಡಿದ್ವು.

ಉಳದ ಒಂದ ಸ್ಟಾರ್ ಮಾತ್ರ ಏನ ಮಾಡಿದ್ರೂ ಹಿಡಿಯವಲ್ದು. ತಳದ ಮೂಲಿನೂ ಹೋಗ್ಯಾವು. ಗ್ರೈಂಡಿಂಗ್ ಪೇಸ್ಟ್ ಹಚ್ಚಿದ್ರೂ ಜಾರಿತು.

ಗದಗ ಐಟಿಐ

ಹಾಗಾದರೆ ತಲೆಯನ್ನೇ ತೆಗೆಯುವುದು. ನಿಮ್ಮ ಓಣಿಯಲ್ಲಿ ಯಾರ ಹತ್ತಿರವಾದರೂ ಡ್ರಿಲ್ ಮಷೀನ್ ಇದ್ದರೆ ಕಬ್ಬಿಣಕ್ಕೆ ಹಾಕುವ 4 ಮಿ.ಮೀ. ಬಿಟ್ ಸಾಕು. ಸ್ಟಾರಿನ ಗುಳಿಯೇ ಬಿಟ್ಟನ್ನು ನಡುವಿಗೆ ತರುತ್ತದೆ. ನಿಧಾನದ ವೇಗದಲ್ಲಿ, ಬರೀ ತಲೆಯ ದಪ್ಪದಷ್ಟು ಕೊರೆಯಬೇಕು. ತಲೆ ಬಳೆಯಂತೆ ಕಳಚಿ ಬಿಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಬಿಜಾಗ್ರಿ ಎತ್ತಿದ ಮೇಲೆ ಅದರ ತಗಡಿನ ದಪ್ಪದಷ್ಟು ಸ್ಕ್ರೂ ಕಂಠ ಹೊರಗೆ ನಿಂತಿರುತ್ತದೆ. ಅದನ್ನು ಪಕ್ಕಡದಿಂದ, ಕಚ್ಚಿ ಹಿಡಿದು ಲಾಕ್ ಆಗುವ ವೈಸ್ ಗ್ರಿಪ್ ಇದ್ದರೆ ಇನ್ನೂ ಒಳ್ಳೆಯದು, ಗಟ್ಟಿಯಾಗಿ ಹಿಡಿದು ತಿರುಗಿಸಿದರೆ ಬರುತ್ತದೆ. ತಲೆ ಹೋದ ಮೇಲೆ ತಗಡಿನ ಒತ್ತಡ ಇರುವುದಿಲ್ಲ, ಹಾಗಾಗಿ ಸುಲಭ.

ವರ್ಕಶಾಪ್ ಫಿಟ್ಟರ್, ಹುಬ್ಬಳ್ಳಿ

ಡ್ರಿಲ್ ಹಿಡಿಯೋರು ಕಣ್ಣಿಗೆ ಚಷ್ಮಾ ಹಾಕಲೇಬೇಕು. ನಮ್ಮ ಶಾಪಿನಾಗ ಜತಿಗೆ ಇದ್ದವರೊಬ್ಬರ ಕಣ್ಣಾಗ ಕಬ್ಬಿಣದ ಕಣ ಕುಂತದ್ದನ್ನ ನಾ ಹತ್ರ ನಿಂತು ನೋಡೀನಿ. ಅಂವಾ ಕೈಲೆ ತಿಕ್ಕಿಕೊಂಡಿದ್ದಕ್ಕ ಇನ್ನಷ್ಟು ಕೆಟ್ಟಿತು. ಒಂದ ನಿಮಿಷದ ಕೆಲಸಕ್ಕ ಚಷ್ಮಾ ಯಾಕ ಅನ್ನಬ್ಯಾಡ್ರಿ. ಬೆಣಿ ಗಟ್ಟಿ ಐತೇನ ಮತ್ತೊಮ್ಮೆ ನೋಡ್ರಿ, ಕಡೇ ಸ್ಕ್ರೂ ಬಿಚ್ಚೂ ಮುಂದ ಬಾಗಲಾ ಹಿಡಿಯಾಕ ಇಬ್ಬರು ನಿಂದರಬೇಕು.

ಮತ್ತ ತಂಗೀ, ರಂದಾ ಹೊಡಸಬ್ಯಾಡ್ರಿ, ಇನ್ನೂ ಬ್ಯಾಡ. ಮ್ಯಾಲಿನ ಬಿಜಾಗ್ರಿ ಸ್ಕ್ರೂ ತೂತಿನಾಗ ಸಡಲ ಇದ್ರ ಬಾಗಲಾ ಹಿಡಿಕಿ ಕಡೆ ಇಳಿತೈತಿ, ಕೆಳಗಿನ ಮೂಲಿನ ನೆಲಕ್ಕ ತಾಗೂದು. ನಿಮ್ಮ ಗೀರು ಬಿಲ್ಲಿನಾಕಾರ ಐತಿ ಅಂದ್ರಲ್ಲ, ನನಗ ಆವಾಗನ ಅನಿಸಿತ್ತು. ಮಳಿಗಾಲದಾಗ ಕಟಗಿ ಹಿಗ್ಗಿರೂದೂ ಖರೆ. ಹಿಗ್ಗಿದಾಗ ಕೊರದ್ರ ಬ್ಯಾಸಿಗ್ಯಾಗ ಬೆರಳ ಹೋಗುವಷ್ಟ ಸಂದಿ ಉಳಿತೈತಿ. ಕೊರದದ್ದು ತಿರಗಿ ಬರೂದಿಲ್ಲ. ಮೊದಲ ತೂತು ತುಂಬಿ ಬಿಗಿ ಕೂಡ್ರಿಸಿ ನೋಡ್ರಿ.

ತೂತಿಗೆ ಸಾಗವಾನಿ ಚಕ್ಕಿ ಇಲ್ಲಾ ಬಿದಿರ ಕಡ್ಡಿಗೆ ಫೆವಿಕಾಲ್ ಹಚ್ಚಿ ಬಡದು ತುಂಬ್ರಿ, ಒಂದ ರಾತ್ರಿ ಒಣಗಲಿ, ಸಮಕ್ಕ ಕೊಯ್ರಿ. ಅದರ ನಡುವ ಸ್ಕ್ರೂದ ನಡುಗಂಬದಷ್ಟ ಸಣ್ಣ ತೂತು ಹಾಕ್ರಿ. ಹೊಸಾ ಸ್ಕ್ರೂ ಎಳಿಗೆ ಮೇಣದಬತ್ತಿ ತಿಕ್ಕಿ ಕೈಲೆನ ಕೂಡ್ರಸ್ರಿ. ಕಡೇ ಎರಡ ಸುತ್ತು ಕೈಗೆ ಗೊತ್ತಾಗಬೇಕು, ಮಷೀನಿಗೆ ಅದು ಗೊತ್ತಾಗೂದಿಲ್ಲ.

ಸಾಧನಕೇರಿ ಮನಿ
ಮಂಗಳವಾರ, ಸಂಜೆ

ಬಾಜೂ ಮನಿ ಹುಡುಗ ಚಷ್ಮಾ ಹಾಕಿಕೊಂಡು ಡ್ರಿಲ್ ಹೊಡದ. ತಲಿ ಬಿಟ್ಟಿಗೆ ಉಂಗುರದಂಗ ಸಿಕ್ಕೊಂಡು ಬಂತು. ಉಳದ ತುಂಡು ಪಕ್ಕಡಕ್ಕ ನಾಕ ಸಲ ಜಾರಿ ಐದನೇ ಸಲ ತಿರಗಿತು. ನಿನ್ನೆ ತೂತು ತುಂಬಿದೆ, ಇವತ್ತ 12ಕ್ಕ 12 ಹೊಸಾ ಸ್ಕ್ರೂ ಮೇಣ ತಿಕ್ಕಿ ಕೈಲೆನ ಕೂಡ್ರಿಸೀನಿ.

ಕಾಕಾರ, ಬಾಗಲಾ ಈಗ ನೆಲಕ್ಕ ತಾಗವಲ್ದು. ತಳದಾಗ ಒಂದ ಲಗ್ನಪತ್ರಿಕೆ ಸರದಾಡುವಷ್ಟ ಸಂದಿ ಐತಿ. ರಂದಾದವರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡೀನಿ.

ಹೊಲಿಗಿ, ಹಾವೇರಿ
ಬುಧವಾರ, ಮುಂಜಾನೆ

ನಂದೂ ಬಂತ್ರಿ. ಕಾನಸ ತಿಕ್ಕಾಕ ಅರ್ಧ ತಾಸು, ತಿರವಾಕ ಒಂದ ಕ್ಷಣ. ಪ್ಲೇಟ್ ಎತ್ತಿದ್ರ ಹಲ್ಲಿನ ಸಂದ್ಯಾಗ ನೂಲು ಕಂಬಳಿಯಂಗ ಗಟ್ಟಿ ಕುಂತಿತ್ತು, ಅದರಾಗ ಮುರದ ಸೂಜಿದೊಂದು ಮೊನಿ. ಬಟ್ಟಿ ಯಾಕ ಎಳಿ ಬಿಡ್ತಿತ್ತಂತ ಈಗ ತಿಳೀತು. ಸ್ಕ್ರೂ ಗೆರಿ ಕಾನಸಿಲೆ ಸರಿ ಮಾಡಿ ಅದನ್ನ ಮತ್ತ ಹಾಕೀನಿ. ಮೊದಲನೇ ಬ್ಲೌಸಿನ ತೋಳು ಹೊಲದು ಮುಗೀತು.